ಅಡಿಕೆ ಸುಗ್ಗಿಗೆ ಮುಂಚೆ ಊರಿನ ಕಾವಲು ಕಟ್ಟುವುದು ಹೇಗೆ? ಮಲೆನಾಡಿನ ಒಂಟಿ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಎರಡು ವರ್ಷದ ಹಿಂದಿನ ಮಾತು. ಡಿಸೆಂಬರ್ ತಿಂಗಳು. ನಾವೆಲ್ಲ ಒಂದು ಮದುವೆಗೆಂದು ಶಿವಮೊಗ್ಗಕ್ಕೆ ಹೋಗಿ ರಾತ್ರಿ ಅಲ್ಲೇ ಉಳಿದಿದ್ದೆವು. ಬೆಳಿಗ್ಗೆ ಮನೆಗೆ ಬಂದು ನೋಡಿದರೆ ಅಂಗಳದ ಚಪ್ಪರದಡಿ ಕಟ್ಟಿಟ್ಟಿದ್ದ ಮೂರು ಚೀಲ ಅಡಿಕೆ ಇಲ್ಲ. ಮೇಲೆ ಮುಚ್ಚಿದ್ದ ಟಾರ್ಪಾಲನ್ನು ಮಾತ್ರ ನೀಟಾಗಿ ಮಡಚಿ ಕಂಬದ ಬುಡದಲ್ಲಿಟ್ಟು ಹೋಗಿದ್ದರು. ಅವಸರವೇ ಇರಲಿಲ್ಲ ಅವರಿಗೆ.

ಅಡಿಕೆ ಹೋದದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿದದ್ದು ಮಧ್ಯಾಹ್ನ. ಕೆಳಗಿನ ಮನೆಯವರು ಬಂದು, "ರಾತ್ರಿ ಹನ್ನೊಂದೂವರೆಗೆ ಗೂಡ್ಸ್ ಆಟೋ ಹೋದ ಸದ್ದು ಕೇಳ್ತು. ನಿಮ್ಮನೆ ಚೇಣಿಯವ್ರ ಗಾಡಿ ಅಂತ ಮಾಡಿದ್ದೆ ಮಾರಾಯ್ರೆ" ಅಂದರು. (ಚೇಣಿಯವರು ಅಂದರೆ ತೋಟದ ಫಸಲನ್ನು ಗುತ್ತಿಗೆಗೆ ಹಿಡಿದವರು.) ಗದ್ದೆ ಆಚೆಯ ಮನೆಯ ಹುಡುಗ ಅದೇ ಆಟೋವನ್ನು ಸೇತುವೆ ಹತ್ತಿರ ಲೈಟ್ ಆಫ್ ಮಾಡಿ ನಿಂತಿದ್ದಾಗ ನೋಡಿದ್ದನಂತೆ. ಬಸ್‌ಸ್ಟ್ಯಾಂಡಿನ ಅಂಗಡಿಯವರಿಗೆ ಹಿಂದಿನ ದಿನ ಇಬ್ಬರು ಬಂದು ನಮ್ಮ ದಾರಿ ಕೇಳಿದ್ದು ನೆನಪಿತ್ತು. ಮೂರು ಜನಕ್ಕೆ ಮೂರು ತುಂಡು ಗೊತ್ತಿತ್ತು. ಒಬ್ಬರೂ ಇನ್ನೊಬ್ಬರಿಗೆ ಫೋನ್ ಮಾಡಲಿಲ್ಲ.

ಊರಿನ ಕಾವಲು ಅಂದರೆ ದೊಣ್ಣೆ ಹಿಡಿದು ತೋಟ ಸುತ್ತುವುದು ಅಂತ ನಾನೂ ಅಂದುಕೊಂಡಿದ್ದೆ. ಅದಲ್ಲ. ಆ ಮೂರು ತುಂಡು ಸರಿಯಾದ ಹೊತ್ತಿಗೆ ಒಂದು ಕಡೆ ಸೇರಬೇಕು, ಅಲ್ಲಿಂದ ಪೊಲೀಸರಿಗೆ ಮುಟ್ಟಬೇಕು. ಅಷ್ಟಕ್ಕೇ ಈ ಎಲ್ಲ ವ್ಯವಸ್ಥೆ. ನಾವು ಎರಡು ಸುಗ್ಗಿ ಮಾಡಿ ನೋಡಿ, ತಪ್ಪು ಮಾಡಿ ಕಲಿತದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಮೊದಲು ಒಂದು ನಕ್ಷೆ

ಅಡಿಕೆ ಗೊನೆ ಕೊಯ್ಲು ಶುರುವಾದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಹಾಗಾಗಿ ಗಣಪತಿ ಹಬ್ಬ ಕಳೆದ ವಾರವೇ ಕೂತುಬಿಡಿ. ಹತ್ತರಿಂದ ಹದಿನೈದು ಮನೆ ಸಾಕು. ಇಡೀ ಪಂಚಾಯಿತಿಯನ್ನು ಸೇರಿಸಲು ಹೋದರೆ ಅದು ಸಭೆಯಾಗುತ್ತದೆ, ಕಾವಲಾಗುವುದಿಲ್ಲ. ಒಂದು ದಾರಿಯನ್ನು ಹಂಚಿಕೊಳ್ಳುವ ಮನೆಗಳು ಒಂದು ಗುಂಪು ಅಂತ ಇಟ್ಟುಕೊಳ್ಳಿ.

ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆಯಿರಿ. ಮನೆಗಳು, ಅಡಿಕೆ ಒಣಗಿಸುವ ಅಂಗಳಗಳು, ವಾಹನ ಬರುವ ದಾರಿಗಳು, ಸೇತುವೆ, ಗೇಟು. ಯಾವ ಮನೆಯಲ್ಲಿ ವಯಸ್ಸಾದವರಿಬ್ಬರೇ ಇದ್ದಾರೆ? ಮಕ್ಕಳು ಬೆಂಗಳೂರಿನಲ್ಲಿದ್ದರೆ ಆ ಮಕ್ಕಳ ನಂಬರ್ ಯಾರ ಹತ್ತಿರ ಇದೆ? ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಎಲ್ಲಿ ಇಲ್ಲ? ನಮ್ಮಲ್ಲಿ ಒಂದು ಮನೆಯವರಿಗೆ ಹಟ್ಟಿಯ (ದನದ ಕೊಟ್ಟಿಗೆಯ) ಹಿಂದಿನ ದಿಬ್ಬ ಹತ್ತಿದರೆ ಮಾತ್ರ ಸಿಗ್ನಲ್. ರಾತ್ರಿ ಕಳ್ಳ ಬಂದಾಗ ದಿಬ್ಬ ಹತ್ತಿ ಫೋನ್ ಮಾಡಿ ಅಂತ ಎಪ್ಪತ್ತು ದಾಟಿದವರಿಗೆ ಹೇಳಲಾಗುತ್ತದೆಯೇ? ಅವರಿಗೆ ಒಂದು ಸೀಟಿ ಕೊಟ್ಟೆವು. ಕೂಗಳತೆಯ ಮನೆಗೆ ಸೀಟಿ ಕೇಳುತ್ತದೆ, ಆ ಮನೆಯವರು ಫೋನ್ ಮಾಡುತ್ತಾರೆ.

ನಕ್ಷೆ ಬರೆದ ಮೇಲೆ ಒಂದು ವಿಷಯ ತಾನಾಗಿ ಕಾಣುತ್ತದೆ. ನಮ್ಮ ಕಡೆ ಒಂದು ಚೀಲ ಒಣ ಅಡಿಕೆ ಅಂದರೆ 60-70 ಕೆಜಿ. ಅದನ್ನು ತಲೆ ಮೇಲೆ ಹೊತ್ತು ಮೈಲಿಗಟ್ಟಲೆ ಯಾರೂ ಹೋಗುವುದಿಲ್ಲ. ಕಳ್ಳನಿಗೆ ಗಾಡಿ ಬೇಕು, ಗಾಡಿಗೆ ದಾರಿ ಬೇಕು. ಹದಿನೈದು ತೋಟ ಕಾಯುವುದು ಕಷ್ಟ, ಎರಡು ದಾರಿಯ ಬಾಯಿ ಕಾಯುವುದು ಸುಲಭ. ಟಾರ್ ರೋಡಿಗೆ ಸೇರುವ ಜಾಗದಲ್ಲಿ ಯಾರ ಮನೆ ಇದೆಯೋ ಅವರೇ ನಿಮ್ಮ ಕಾವಲಿನ ಕಣ್ಣು.

ಬೀಟ್ ಪೊಲೀಸರ ಪರಿಚಯ

ಪ್ರತಿ ಠಾಣೆಯ ವ್ಯಾಪ್ತಿಯನ್ನೂ ಬೀಟ್‌ಗಳಾಗಿ ಹಂಚಿರುತ್ತಾರೆ. 2017ರಲ್ಲಿ ರಾಜ್ಯದಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂದ ಮೇಲೆ ನಿಮ್ಮ ಊರಿಗೆ ಇಂಥವರೇ ಅಂತ ಒಬ್ಬ ಸಿಬ್ಬಂದಿ ಇರುತ್ತಾರೆ. 2025ರಲ್ಲಿ ಶುರುವಾದ 'ಮನೆ ಮನೆಗೆ ಪೊಲೀಸ್' ಕಾರ್ಯಕ್ರಮವೂ ಇದನ್ನೇ ಮುಂದುವರಿಸಿದ್ದು. ಆದರೆ ಹೊಸನಗರ, ತೀರ್ಥಹಳ್ಳಿ ಕಡೆಯ ಒಬ್ಬ ಬೀಟ್ ಪೊಲೀಸರ ಪಾಲಿಗೆ ಎಷ್ಟು ಗುಡ್ಡ, ಎಷ್ಟು ಒಂಟಿ ಮನೆ ಬರುತ್ತದೆ ನೋಡಿ. ಅವರೇ ಬರಲಿ ಅಂತ ಕೂತರೆ ಸುಗ್ಗಿ ಮುಗಿಯುತ್ತದೆ. ನೀವೇ ಹೋಗಿ.

ಹೋಗುವಾಗ ಇಬ್ಬರು ಮೂವರು ಸಾಕು, ಅದರಲ್ಲಿ ಒಬ್ಬರಾದರೂ ಹೆಂಗಸರಿರಲಿ. ಗಣಪತಿ ಮೆರವಣಿಗೆ, ಚುನಾವಣೆ, ಮಂತ್ರಿಗಳ ಭೇಟಿ ಇರುವ ದಿನ ಹೋಗಬೇಡಿ. ಠಾಣೆಯಲ್ಲಿ ಇರುವುದೇ ಇಬ್ಬರು, ಉಳಿದವರೆಲ್ಲ ಬಂದೋಬಸ್ತಿಗೆ ಹೋಗಿರುತ್ತಾರೆ. ಸಬ್ ಇನ್‌ಸ್ಪೆಕ್ಟರ್ ಸಿಗದಿದ್ದರೆ ಠಾಣೆಯ ದಾಖಲೆ ಬರೆಯುವ ರೈಟರ್ ಹತ್ತಿರ "ನಮ್ಮೂರು ಯಾರ ಬೀಟ್ ಸರ್?" ಅಂತ ಕೇಳಿ. ನಕ್ಷೆಯ ಒಂದು ಜೆರಾಕ್ಸ್ ಕೊಡಿ. ರಾತ್ರಿ ಗಸ್ತಿನವರು ಬಂದು ಸಹಿ ಹಾಕುವ ಪಾಯಿಂಟ್ ಪುಸ್ತಕ ನಿಮ್ಮ ದಾರಿಯಲ್ಲಿ ಎಲ್ಲಾದರೂ ಇದೆಯಾ, ಇಲ್ಲದಿದ್ದರೆ ಇಡಬಹುದಾ ಅಂತ ವಿಚಾರಿಸಿ. ಆಮೇಲೆ ಬೀಟ್ ಪೊಲೀಸರನ್ನು ಒಂದು ದಿನ ಊರಿಗೆ ಕರೆದು, ಮನೆಗಳನ್ನು ತೋರಿಸಿ, ಕಾಫಿ ಕೊಟ್ಟು ಕಳಿಸಿ. ಹಗಲಲ್ಲಿ ಒಮ್ಮೆ ಬಂದು ಹೋದವರಿಗೆ ರಾತ್ರಿ ದಾರಿ ಹುಡುಕುವ ಕೆಲಸ ಇರುವುದಿಲ್ಲ. ನಮ್ಮ ಕಡೆ ಗೂಗಲ್ ಮ್ಯಾಪ್ ಎಷ್ಟೋ ಸಲ ಹೊಳೆ ಮಧ್ಯಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ, ಅಲ್ವಾ?

ಒಂದು ಎಚ್ಚರ. ಟೀ ಶರ್ಟ್ ಹೊಲಿಸಿ 'ರಕ್ಷಣಾ ಪಡೆ' ಅಂತ ಬರೆಸಿಕೊಳ್ಳುವ ಹುಮ್ಮಸ್ಸು ಹುಡುಗರಿಗೆ ಬರುತ್ತದೆ. ಗ್ರಾಮ ರಕ್ಷಣಾ ದಳಕ್ಕೆ ಅಂತಲೇ 1964ರ ರಾಜ್ಯ ಕಾಯ್ದೆ ಇದೆ. ಅದನ್ನು ಕಟ್ಟುವುದು ಪೊಲೀಸ್ ಇಲಾಖೆ, ನಾವಲ್ಲ. ಹಾಗೆ ದಳ ಬೇಕೆನಿಸಿದರೆ ಠಾಣೆಯಲ್ಲೇ ಕೇಳಿ. ಅಲ್ಲಿಯವರೆಗೆ ನೀವು ಅಕ್ಕಪಕ್ಕದ ಮನೆಯವರು, ಅಷ್ಟೇ.

ವಾಟ್ಸ್‌ಆ್ಯಪ್ ಗುಂಪಿಗೆ ಕಡಿವಾಣ

ಗುಂಪು ಬೇಕು. ಆದರೆ ಶುಭೋದಯ, ಅಡಿಕೆ ಧಾರಣೆ, ರಾಜಕೀಯ ಯಾವುದೂ ಅಲ್ಲಿ ಬರಬಾರದು. ಧಾರಣೆಗೆ ಬೇರೆ ಗುಂಪು ಹೇಗೂ ಇರುತ್ತದೆ. ಕಾವಲಿನ ಗುಂಪಿನಲ್ಲಿ ದಿನಾ ಇಪ್ಪತ್ತು ಮೆಸೇಜ್ ಬಂದರೆ ಎಲ್ಲರೂ ಮ್ಯೂಟ್ ಮಾಡುತ್ತಾರೆ. ಬೇಕಾದ ದಿನ ಯಾರೂ ನೋಡುವುದಿಲ್ಲ. ನಮ್ಮ ಮೊದಲ ವರ್ಷದ ಗುಂಪು ಹೀಗೇ ಸತ್ತಿತು.

ಹಾಕಬೇಕಾದ್ದು ಏನು? ನಿಮ್ಮ ಮನೆಗೆ ರಾತ್ರಿ ಗಾಡಿ ಬರುವುದಿದ್ದರೆ ಮೊದಲೇ ತಿಳಿಸಿ: "ಇವತ್ತು ರಾತ್ರಿ 9ಕ್ಕೆ ನಮ್ಮನೆಗೆ ಸುಲಿಯುವವರ ಪಿಕಪ್ ಬರುತ್ತೆ, ಬಿಳಿ ಬಣ್ಣ." ಈ ಒಂದು ಅಭ್ಯಾಸ ಬಂದರೆ ಅರ್ಧ ಕೆಲಸ ಮುಗಿಯಿತು. ಯಾರೂ ಹೇಳದೆ ಬಂದ ಗಾಡಿ ತಾನಾಗಿ ಬೇರೆಯಾಗಿ ಕಾಣುತ್ತದೆ. ಮನೆಗೆ ಬೀಗ ಹಾಕಿ ಹೋಗುವುದನ್ನು ಮಾತ್ರ ಗುಂಪಿನಲ್ಲಿ ಹಾಕಬೇಡಿ. ಅದನ್ನು ಪಕ್ಕದ ಮನೆಯವರಿಗೂ ಬೀಟ್ ಪೊಲೀಸರಿಗೂ ಬಾಯಲ್ಲಿ ಹೇಳಿ. ನಮ್ಮ ಮದುವೆ ಮನೆಯ ಫೋಟೋ ಅವತ್ತು ಸಂಜೆ ಆರಕ್ಕೇ ನನ್ನ ಸ್ಟೇಟಸ್‌ನಲ್ಲಿತ್ತು. ಅದನ್ನು ಯಾರು ನೋಡಿದರೋ.

ರಾತ್ರಿ ಹತ್ತರ ನಂತರ ಮೆಸೇಜ್ ಬೇಡ, ಕಾಲ್ ಮಾಡಿ. ಯಾರು ಯಾರಿಗೆ ಅಂತ ಸರಪಳಿ ಮೊದಲೇ ಬರೆದಿಟ್ಟಿರಿ. ಒಬ್ಬರು ಇಬ್ಬರಿಗೆ, ಆ ಇಬ್ಬರು ಮತ್ತಿಬ್ಬರಿಗೆ.

ಇನ್ನು 'ಮಕ್ಕಳ ಕಳ್ಳರು ಬಂದಿದ್ದಾರೆ' ತರಹದ ಫಾರ್ವರ್ಡ್. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದ್ದೇ ಗಾಳಿಸುದ್ದಿ ನಂಬಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರನ್ನು ಜನ ಹೊಡೆದು ಕೊಂದರು. ಹಾಗಾಗಿ ನಮ್ಮ ಗುಂಪಿನಲ್ಲಿ ಫಾರ್ವರ್ಡ್ ಹಾಕಿದವರನ್ನು ಆ ಸುಗ್ಗಿ ಮುಗಿಯುವವರೆಗೆ ತೆಗೆದುಹಾಕುತ್ತೇವೆ. ಇಬ್ಬರನ್ನು ತೆಗೆದಿದ್ದೇವೆ. ಒಬ್ಬರು ನನ್ನ ಸ್ವಂತ ಭಾವ.

ರಾತ್ರಿ ಪಾಳಿ

ಇಡೀ ಸುಗ್ಗಿ ರಾತ್ರಿ ಎಚ್ಚರ ಇರಲು ಯಾರಿಂದಲೂ ಆಗುವುದಿಲ್ಲ. ಅಂಗಳದಲ್ಲಿ ಅಡಿಕೆ ಜಾಸ್ತಿ ಇರುವ ವಾರಗಳನ್ನು ಆರಿಸಿಕೊಳ್ಳಿ. ಇಬ್ಬಿಬ್ಬರ ಜೋಡಿ, ರಾತ್ರಿ 10ರಿಂದ 1, ಆಮೇಲೆ 1ರಿಂದ 4. ದಾರಿ ಬಾಯಿಯ ಮನೆಯ ಜಗಲಿಯಲ್ಲಿ ಕೂತರೆ ಸಾಕು. ಟಾರ್ಚ್, ಪೆನ್ನು, ಒಂದು ನೋಟ್ ಪುಸ್ತಕ, ಫ್ಲಾಸ್ಕಿನಲ್ಲಿ ಕಾಫಿ. ಹಾದು ಹೋದ ಗಾಡಿಯ ನಂಬರ್, ಹೊತ್ತು, ಹೋದ ದಿಕ್ಕು ಬರೆಯಿರಿ. ಗಾಡಿ ತಡೆಯಬೇಡಿ, ಡಿಕ್ಕಿ ತೆಗೆಸಬೇಡಿ. ಆ ಅಧಿಕಾರ ನಮಗಿಲ್ಲ. ಹಾಗೆ ತಡೆದವರ ಮೇಲೆಯೇ ಕೇಸಾಗುತ್ತದೆ.

ತೋಟದೊಳಗೆ ಕತ್ತಲಲ್ಲಿ ನುಗ್ಗಲೇಬೇಡಿ. ಕಳ್ಳನ ಭಯ ಆಮೇಲೆ, ಮೊದಲು ಹಾವು, ಕಾಡುಕೋಣ, ಕೆಲವು ಕಡೆ ಆನೆ. ಗಮ್‌ಬೂಟ್ ಇಲ್ಲದೆ ಜಗಲಿ ಇಳಿಯಬಾರದು ಅಂತ ನಿಯಮ ಮಾಡಿ. ನಾಯಿಯನ್ನು ಪೂರ್ತಿ ನಂಬಬೇಡಿ. ನಮ್ಮನೆ ನಾಯಿ ಅವತ್ತು ರಾತ್ರಿ ಬೊಗಳಿತೋ ಇಲ್ಲವೋ ಗೊತ್ತಿಲ್ಲ, ಹಟ್ಟಿ ಹತ್ತಿರ ಬಿಸ್ಕತ್ತಿನ ಪ್ಯಾಕೆಟ್ ಮಾತ್ರ ಬಿದ್ದಿತ್ತು.

ಮನೆಯ ಮಟ್ಟಿಗೆ ಮಾಡಬೇಕಾದ್ದು

ಚೀಲದ ಲೆಕ್ಕ ಬರೆದಿಡಿ. ಪ್ರತಿ ಚೀಲಕ್ಕೂ ಒಂದು ನಂಬರ್, ತೂಕ, ತುಂಬಿದ ತಾರೀಖು. ಚೀಲದ ಹೊರಗೆ ಪೇಂಟಿನ ಗುರುತು, ಒಳಗೆ ನಡುಮಧ್ಯ ನಿಮ್ಮ ಹೆಸರು ಬರೆದ ಒಂದು ಪ್ಲಾಸ್ಟಿಕ್ ಚೀಟಿ. ಹೊರಗಿನ ಗುರುತನ್ನು ಕಳ್ಳ ಅಳಿಸಬಹುದು, ಚೀಲ ಬದಲಾಯಿಸಬಹುದು. ಸುರಿದಾಗ ಚೀಟಿ ಅಡಿಕೆ ಜೊತೆಗೇ ಬೀಳುತ್ತದೆ. ಅಡಿಕೆಗೆ ಎಂಜಿನ್ ನಂಬರ್ ಇಲ್ಲವಲ್ಲ, ಇದು ನನ್ನದೇ ಅಂತ ತೋರಿಸಲು ಇನ್ನೇನಿದೆ?

ಒಣಗಿದ ಮಾಲನ್ನು ತಿಂಗಳುಗಟ್ಟಲೆ ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಧಾರಣೆ ಏರಲಿ ಅಂತ ಕಾಯುವುದಾದರೆ ನೀವು ಸದಸ್ಯರಾಗಿರುವ ಸಹಕಾರ ಸಂಘದ ಗೋದಾಮಿನಲ್ಲಿ ಇಡಲಾಗುತ್ತದಾ, ಅದರ ಮೇಲೆ ಅಡಮಾನ ಸಾಲ ಸಿಗುತ್ತದಾ ವಿಚಾರಿಸಿ. ಮಾರಿದ ಹಣವನ್ನು ನಗದಾಗಿ ತರದೆ ಖಾತೆಗೇ ಹಾಕಿಸಿ.

ಸಿಸಿಟಿವಿ ಬೇಡ ಅನ್ನುವುದಿಲ್ಲ. ಆದರೆ ಮಲೆನಾಡಿನಲ್ಲಿ ಕರೆಂಟ್ ಹೋದರೆ ಕ್ಯಾಮೆರಾನೂ ಕುರುಡು. ಇನ್ವರ್ಟರ್ ಲೈನಿಗೆ ಜೋಡಿಸಿ. ರೆಕಾರ್ಡ್ ಆಗುವ ಡಬ್ಬಿಯನ್ನು ಟಿವಿ ಪಕ್ಕ ಇಟ್ಟರೆ ಕಳ್ಳ ಅದನ್ನೂ ತೆಗೆದುಕೊಂಡು ಹೋಗುತ್ತಾನೆ, ಅಟ್ಟದ ಮೇಲಿಡಿ. ಕ್ಯಾಮೆರಾದ ಗಡಿಯಾರ ಸರಿ ಇದೆಯಾ ಅಂತ ತಿಂಗಳಿಗೊಮ್ಮೆ ನೋಡಿ. ಹಣ ಒಂದೇ ಕ್ಯಾಮೆರಾಕ್ಕೆ ಸಾಕಾಗುವುದಾದರೆ ಅಂಗಳಕ್ಕಲ್ಲ, ದಾರಿ ಬಾಯಿಗೆ ಹಾಕಿ, ಎಲ್ಲರೂ ಹಂಚಿಕೊಂಡು.

ಕೆಲಸಕ್ಕೆ ಬಂದವರ ವಿಷಯ. ಕೊಯ್ಲಿಗೆ, ಸುಲಿಯಲು ಬೇರೆ ಜಿಲ್ಲೆಯಿಂದ, ಬೇರೆ ರಾಜ್ಯದಿಂದ ಜನ ಬರುತ್ತಾರೆ. ಅವರ ಹೆಸರು, ಊರು, ಫೋನ್ ನಂಬರ್, ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಎಲ್ಲರ ಹತ್ತಿರವೂ ಒಂದೇ ರೀತಿ ಕೇಳಿ, ಮರ್ಯಾದೆಯಿಂದ ಕೇಳಿ. ಕಳ್ಳತನವಾದ ಕೂಡಲೇ ಹೊರಗಿನವರ ಕಡೆ ಬೆರಳು ತೋರಿಸುವ ಚಾಳಿ ನಮಗಿದೆ. ಆದರೆ ಮನೆಯಲ್ಲಿ ಯಾವಾಗ ಯಾರೂ ಇರುವುದಿಲ್ಲ ಅಂತ ಗೊತ್ತಿರುವುದು ಯಾರಿಗೆ? ನಿನ್ನೆ ಬಂದವನಿಗಿಂತ ನಮ್ಮ ದಿನಚರಿ ನೋಡುತ್ತಾ ಇದ್ದವನಿಗೇ.

ಒಡವೆ ಪಾಲಿಶ್ ಮಾಡಿಕೊಡುತ್ತೇವೆ ಅಂತ ಮಧ್ಯಾಹ್ನದ ಹೊತ್ತು ಬರುವವರನ್ನು ಜಗಲಿ ಹತ್ತಿಸಬೇಡಿ ಅಂತ ವಯಸ್ಸಾದವರಿಗೆ ಹೇಳಿಡಿ. ಫೋನಿನಲ್ಲಿ 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿದರೆ ಕಾಲ್ ಕಟ್ ಮಾಡಲಿ. ಅಂಥದ್ದೊಂದು ಅರೆಸ್ಟ್ ಕಾನೂನಿನಲ್ಲೇ ಇಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕಳ್ಳ ಅಂಗಳದಲ್ಲಿ ಇದ್ದಾಗ

ಲೈಟ್ ಹಾಕಿ, ಬಾಗಿಲು ತೆಗೆಯಬೇಡಿ, ಗದ್ದಲ ಮಾಡಿ, 112ಕ್ಕೆ ಕರೆ ಮಾಡಿ. ಕರೆ ತೆಗೆಯುವವರು ನಿಮ್ಮ ಊರಿನವರಾಗಿರುವುದಿಲ್ಲ. 'ಮೇಲಿನಮನೆ' ಅಂದರೆ ಅವರಿಗೆ ಏನು ಗೊತ್ತಾಗಬೇಕು? ಗಾಬರಿಯಲ್ಲಿ ಮಾತು ತೊದಲುತ್ತದೆ. ಹಾಗಾಗಿ ಹೇಳಬೇಕಾದ್ದನ್ನು ಮೊದಲೇ ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿ. ನಮ್ಮನೆಯದು ಹೀಗಿದೆ:

"ಜಿಲ್ಲೆ ಶಿವಮೊಗ್ಗ, ತಾಲ್ಲೂಕು ಇಂಥದ್ದು, ಪಂಚಾಯಿತಿ ಇಂಥದ್ದು. ಮುಖ್ಯ ರಸ್ತೆಯ ಬಸ್ ತಂಗುದಾಣದಿಂದ ಎಡಕ್ಕೆ ಮಣ್ಣು ದಾರಿ, ಒಂದೂವರೆ ಕಿಲೋಮೀಟರ್. ಸಣ್ಣ ಸೇತುವೆ ದಾಟಿದ ಮೇಲೆ ಎರಡನೇ ಗೇಟು, ಹಸಿರು ಬಣ್ಣ. ಸೇತುವೆ ಹತ್ತಿರ ನಮ್ಮವರು ಟಾರ್ಚ್ ಹಿಡಿದು ನಿಂತಿರುತ್ತಾರೆ."

ಕೊನೇ ಸಾಲು ಬಹಳ ಮುಖ್ಯ. ಬರುವ ಗಾಡಿಗೆ ದಾರಿ ತೋರಿಸಲು ಒಬ್ಬರು ನಿಲ್ಲಲೇಬೇಕು. ಅಷ್ಟರಲ್ಲಿ ಫೋನಿನ ಸರಪಳಿ ಓಡಲಿ, ದಾರಿ ಬಾಯಿಯ ಮನೆಯವರು ಗಾಡಿ ನಂಬರ್ ಬರೆದುಕೊಳ್ಳಲಿ.

ಕಳ್ಳ ಕೈಗೆ ಸಿಕ್ಕಿಬಿದ್ದರೆ? ಕಣ್ಣೆದುರೇ ಜಾಮೀನಿಲ್ಲದ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಮಾಡಿದವನನ್ನು ಸಾಮಾನ್ಯ ಜನರೂ ಹಿಡಿಯಬಹುದು ಅನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 40. ಆದರೆ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹಿಡಿದು ಕೂರಿಸಿ, ನೀರು ಕೊಡಿ, ಕಾಯಿರಿ. ಮರಕ್ಕೆ ಕಟ್ಟುವುದು, ಹೊಡೆಯುವುದು, ವಿಡಿಯೋ ಮಾಡಿ ಹಂಚುವುದು ಯಾವುದೂ ಬೇಡ. ಹೊಡೆದ ಕ್ಷಣದಿಂದ ಕೇಸು ತಿರುಗುತ್ತದೆ, ನೀವು ಆರೋಪಿ.

ಬೇಲಿಗೆ ಕರೆಂಟ್ ಲೈನಿನಿಂದ ನೇರ ತಂತಿ ಎಳೆಯುವವರು ಇನ್ನೂ ಇದ್ದಾರೆ. ಅದಕ್ಕೆ ಸಿಗುವುದು ಬಹುಪಾಲು ಹಂದಿ, ಪಕ್ಕದ ಮನೆಯ ದನ, ಬೆಳಗಿನ ಜಾವ ನೀರು ಬಿಡಲು ಹೋದ ನಿಮ್ಮದೇ ಆಳು. ಯಾರಾದರೂ ಸತ್ತರೆ ಜೈಲೇ ಗತಿ. ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಕೋವಿ ಮನೆಯಲ್ಲಿದ್ದರೆ ಅದು ಗೂಟದ ಮೇಲೆಯೇ ಇರಲಿ.

ಮರುದಿನ ಬೆಳಿಗ್ಗೆ

ಗುಡಿಸಬೇಡಿ. ನಮ್ಮ ಅತ್ತಿಗೆ ಅಭ್ಯಾಸಬಲದಿಂದ ಅಂಗಳ ಗುಡಿಸಿಬಿಟ್ಟಿದ್ದರು, ಟೈರಿನ ಗುರುತು ಹೋಯಿತು. ಆ ಟಾರ್ಪಾಲನ್ನು ನಾನೇ ಎತ್ತಿ ಒಳಗಿಟ್ಟೆ, ಇದ್ದ ಬೆರಳಚ್ಚೂ ಹೋಯಿತು. ಮೊಬೈಲಿನಲ್ಲಿ ದೂರದಿಂದ ಫೋಟೋ ತೆಗೆದು, ಜಾಗಕ್ಕೆ ಅಡ್ಡ ಹಗ್ಗ ಕಟ್ಟಿ ಬಿಟ್ಟುಬಿಡಿ.

ಪೊಲೀಸರು ಬರುವುದರೊಳಗೆ ಒಬ್ಬರು ಫೋನ್ ಹಿಡಿದು ಕೂರಲಿ. ಸುತ್ತಲಿನ ಚಿಲ್ಲರೆ ಅಡಿಕೆ ವ್ಯಾಪಾರಿಗಳು, ಹಸಿ ಅಡಿಕೆ ಹೋಗಿದ್ದರೆ ಸುಲಿಯುವ ಮೆಷಿನ್ ಇಟ್ಟವರು, ಚೇಣಿದಾರರು, ಎಲ್ಲರಿಗೂ ಹೇಳಿ: ಇಷ್ಟು ಮಾಲು, ಇಂಥ ಗುರುತು. ಕದ್ದ ಮಾಲು ಅಂತ ಗೊತ್ತಿದ್ದೂ ಕೊಳ್ಳುವುದು ಅಪರಾಧ. ಈ ಕರೆ ಬಂದ ಮೇಲೆ ವ್ಯಾಪಾರಿಗಳೂ ಹುಷಾರಾಗುತ್ತಾರೆ.

ಈಗ ದೂರು. ನಾನು ಮೊದಲ ಸಲ ಬರೆದದ್ದು ಎರಡೇ ಸಾಲು: "ನಮ್ಮ ಮನೆಯಲ್ಲಿ ಅಡಿಕೆ ಕಳ್ಳತನವಾಗಿದೆ, ಹುಡುಕಿಕೊಡಬೇಕಾಗಿ ವಿನಂತಿ." ಆ ಠಾಣೆಯಲ್ಲಿ ಅದನ್ನು ಓದಿ ಪಕ್ಕಕ್ಕಿಟ್ಟರು. ಹೀಗೆ ಬರೆಯಬೇಕಿತ್ತು:

"ದಿನಾಂಕ ಇಂಥದ್ದರ ಮಧ್ಯಾಹ್ನ 3ರಿಂದ ಮರುದಿನ ಬೆಳಿಗ್ಗೆ 8ರ ನಡುವೆ, ಮನೆಯಲ್ಲಿ ಯಾರೂ ಇಲ್ಲದಾಗ, ಅಂಗಳದ ಚಪ್ಪರದಡಿ ಇಟ್ಟಿದ್ದ 3 ಚೀಲ ಒಣ ರಾಶಿ ಅಡಿಕೆ, ಒಟ್ಟು 195 ಕೆಜಿ, ಚೀಲ ನಂಬರ್ 11, 12, 13, ಕಳುವಾಗಿದೆ. ಅಂದಿನ ಮಾರುಕಟ್ಟೆ ದರದಂತೆ ಬೆಲೆ ಇಷ್ಟು. ಚೀಲದ ಮೇಲೆ ನೀಲಿ ಪೇಂಟಿನ ಗುರುತಿದೆ. ರಾತ್ರಿ 11.30ರ ಸುಮಾರಿಗೆ ಗೂಡ್ಸ್ ಆಟೋ ಹೋದದ್ದನ್ನು ಪಕ್ಕದ ಮನೆಯವರು ಕೇಳಿರುತ್ತಾರೆ."

ಅಡಿಕೆಯ ಬಗೆ ಯಾವುದು, ರಾಶಿಯೋ, ಬೆಟ್ಟೆಯೋ, ಗೊರಬಲೋ, ಸರಕೋ ಸ್ಪಷ್ಟವಾಗಿ ಬರೆಯಿರಿ. ಒಂದೊಂದು ಬಗೆಗೆ ಒಂದೊಂದು ದರ. ಬೆಲೆ ಬರೆಯಲು ಇನ್ನೊಂದು ಕಾರಣ ಇದೆ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 303ರ ಸಾದಾ ಕಳ್ಳತನದಲ್ಲಿ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆಯನ್ನೇ ಮಾಡುವಂತಿಲ್ಲ. ಕ್ವಿಂಟಲ್‌ಗೆ 50 ಸಾವಿರದ ದರ ಇದ್ದರೆ 10 ಕೆಜಿ ಅಡಿಕೆಗೇ ಆ ಗೆರೆ ಮುಟ್ಟುತ್ತದೆ. 'ಸ್ವಲ್ಪ ಅಡಿಕೆ ಹೋಗಿದೆ' ಅಂತ ಸುಮ್ನೆ ಬರೆದರೆ ನಿಮಗೇ ನಷ್ಟ. ಹಾಗಂತ ಹೆಚ್ಚಿಗೆ ಬರೆಯಲೂಬೇಡಿ, ತೂಕದ ಪುಸ್ತಕ ಅದಕ್ಕೇ ಇರುವುದು. ಮನೆಯೊಳಗಿಂದ ಕದ್ದಿದ್ದರೆ ಸೆಕ್ಷನ್ 305 ಬರುತ್ತದೆ, ಶಿಕ್ಷೆ 7 ವರ್ಷದವರೆಗೆ. ಬೀಗ ಮುರಿದಿದ್ದರೆ ಅದನ್ನೂ ಬರೆಯಿರಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರಲ್ಲಿ ನಿಮಗೆ ಬೇಕಾದ ಮೂರು ವಿಷಯ ಇದೆ. ಸಂಜ್ಞೇಯ, ಅಂದರೆ ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದಾದ ಅಪರಾಧವಾದರೆ ಜಾಗ ಯಾವ ಠಾಣೆಗೆ ಸೇರಿದ್ದರೂ ದೂರು ತೆಗೆದುಕೊಳ್ಳಬೇಕು. ಸಾಗರ, ಸೊರಬದ ಗಡಿ ಊರಿನವರಿಗೆ ಇದು ದೊಡ್ಡ ಅನುಕೂಲ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ದಾಖಲಿಸದೇ ಹೋದರೆ ದೂರನ್ನು ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಜಗಳ ಬೇಡ. "ಸರ್, ಹಿಂಬರಹನಾದ್ರೂ ಕೊಡಿ" ಅಂತ, ಅಂದರೆ ದೂರಿಗೆ ಬರವಣಿಗೆಯಲ್ಲಿ ಉತ್ತರ ಕೊಡಿ ಅಂತ, ಮೆತ್ತಗೆ ಕೇಳಿ. ಆ ಮಾತಿಗೆ ಎಷ್ಟೋ ಕಡೆ ಪೆನ್ನು ತಾನಾಗಿ ಓಡುತ್ತದೆ. ಆಮೇಲೆ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ನಿಮಗೆ ತಿಳಿಸಬೇಕು ಅಂತಲೂ ಕಾನೂನು ಹೇಳುತ್ತದೆ.

ಕ್ಯಾಮೆರಾ ದೃಶ್ಯ ಇದ್ದರೆ ಕತ್ತರಿಸದೆ, ಅದಕ್ಕೆ ಹಾಡು ಸೇರಿಸದೆ, ಮೂಲವನ್ನೇ ಪೊಲೀಸರಿಗೆ ತೋರಿಸಿ. ಹಳೇ ದೃಶ್ಯದ ಮೇಲೆ ಹೊಸದು ಬಂದು ಅಳಿಸಿಹೋಗುವ ಮುಂಚೆ ಈ ಕೆಲಸ ಆಗಲಿ.

ಮಾಲು ಸಿಕ್ಕರೆ

ಪೊಲೀಸರು ಮಾಲು ಹಿಡಿದರೂ ಅದು ನೇರ ನಿಮ್ಮ ಮನೆಗೆ ಬರುವುದಿಲ್ಲ, ಕೋರ್ಟಿನ ಆದೇಶ ಬೇಕು. ಅಡಿಕೆ ಠಾಣೆಯ ಮೂಲೆಯಲ್ಲಿ ಮಳೆಗಾಲ ಕಳೆದರೆ ಬೂಸ್ಟು ಹಿಡಿದು ಬೆಲೆಯೇ ಇರುವುದಿಲ್ಲ. ಹಾಗಾಗಿ ಮಹಜರು ಆದ ಕೂಡಲೇ ವಕೀಲರ ಮೂಲಕ ಮಾಲನ್ನು ಬಿಡಿಸಿಕೊಳ್ಳಲು ಅರ್ಜಿ ಹಾಕಿ. ತೂಕದ ಪುಸ್ತಕ, ಚೀಲದೊಳಗಿನ ಚೀಟಿ, ಪಹಣಿ ಇಲ್ಲಿ ಕೆಲಸಕ್ಕೆ ಬರುತ್ತವೆ.

ನಮ್ಮ ಮೂರು ಚೀಲ ಸಿಗಲಿಲ್ಲ. ಕಳೆದ ಸುಗ್ಗಿಯಲ್ಲಿ ಒಂದು ರಾತ್ರಿ ಹನ್ನೆರಡೂ ಕಾಲಿಗೆ ದಾರಿ ಬಾಯಿಯ ಮನೆಯವರ ಕಾಲ್ ಬಂತು, "ಯಾರದ್ದಾದ್ರೂ ಗಾಡಿ ಬರೋದಿತ್ತಾ?" ಇರಲಿಲ್ಲ. ನಾಲ್ಕು ಮನೆಯ ಲೈಟ್ ಒಟ್ಟಿಗೇ ಹತ್ತಿತು, ಪಿಕಪ್ ಸೇತುವೆ ಹತ್ತಿರವೇ ರಿವರ್ಸ್ ತೆಗೆದುಕೊಂಡು ಹೋಯಿತು. ದಾರಿ ತಪ್ಪಿ ಬಂದವರೂ ಆಗಿರಬಹುದು. ನಂಬರ್ ಪುಸ್ತಕದಲ್ಲಿ ಬರೆದು, ಬೆಳಿಗ್ಗೆ ಬೀಟ್ ಪೊಲೀಸರಿಗೆ ಕೊಟ್ಟೆವು. ಫೆಬ್ರುವರಿಯಲ್ಲಿ ಟಾರ್ಚು, ಸೀಟಿ ಎಲ್ಲ ವಾಪಸ್ ತೆಗೆದುಕೊಂಡು ಲೆಕ್ಕ ಮಾಡಿದಾಗ ಒಂದು ಸೀಟಿ ಕಡಿಮೆ ಇತ್ತು. ದಿಬ್ಬದ ಮನೆಯ ಅಜ್ಜಿ ಕೊಡುವುದಿಲ್ಲ ಅಂದರಂತೆ, ಮಂಗ ಓಡಿಸಲು ಚೆನ್ನಾಗಿದೆಯಂತೆ.